ಕೈ ಧಾರಾಳದ ಸ್ನೇಹಿತರ ನಡುವೆ ಮಿತವ್ಯಯದ ಸಂಸಾರ

ನಮ್ಮ ಹಳ್ಳಿಗಳ ಮನೆಗಳಲ್ಲಿ ಕೂತು ಮಾತಾಡುವಾಗ ಒಂದು ಪ್ರಶ್ನೆಯು ತಿರುತಿರುಗಿ ನಮ್ಮ ಕಿವಿಗೆ ಬೀಳುತ್ತದೆ. ಅದೇನಂದರೆ, ಸ್ವಲ್ಪ ವರಮಾನದ ಸಂಸಾರವು ಕೈ ಧಾರಾಳವುಳ್ಳ ಸ್ನೇಹಿತರ ನಡುವೆ ಹೇಗೆ ಬಾಳಬೇಕು? ಅವರಂತೆ ಖರ್ಚು ಮಾಡಿದರೆ ಸಾಲವು ಬರುತ್ತದೆ. ಮಾಡದಿದ್ದರೆ ಸ್ನೇಹವು ಹೋದೀತೆಂಬ ಭಯವು ಬರುತ್ತದೆ. ಹೀಗೆ ಕೇಳುವವರು ದುಂದುಗಾರರಲ್ಲ. ಅವರು ಲೆಕ್ಕವನ್ನು ಬಲ್ಲವರು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದವರು. ಆದರೂ ವರುಷದ ಕೊನೆಯಲ್ಲಿ ಅವರ ಕೈ ಬರಿದಾಗಿರುತ್ತದೆ, ಮತ್ತು ಅದು ಹೇಗೆ ಬರಿದಾಯಿತೆಂಬದು ಅವರಿಗೇ ತಿಳಿಯದು. ಈ ಪಾಠದಲ್ಲಿ ನಾವು ಅದರ ಕಾರಣವನ್ನು ವಿಚಾರಿಸಬೇಕೆಂದಿದ್ದೇವೆ. ಬೇರೆಯವರ ಮನೆಯ ಮಾತನ್ನು ಹೇಳುವದಕ್ಕಿಂತ ನಮ್ಮ ಮನೆಯ ಮಾತನ್ನೇ ಹೇಳುವದು ಯೋಗ್ಯವಾಗಿ ಕಾಣುತ್ತದೆ.

ಮಿತವ್ಯಯವೂ ಜಿಪುಣತನವೂ ಒಂದಲ್ಲವೆಂದು ವಾಚಕರು ಬಲ್ಲರು. ಜಿಪುಣನು ಕೊಡಬೇಕಾದಲ್ಲಿಯೂ ಕೈ ಮುಚ್ಚುತ್ತಾನೆ; ಮಿತವ್ಯಯಿಯು ಕೊಡಬೇಕಾದಲ್ಲಿ ಕೊಡುವದಕ್ಕಾಗಿ ಬೇರೆ ಕಡೆ ಕೈ ಹಿಡಿಯುತ್ತಾನೆ. ಇದಕ್ಕಿಂತ ಹೆಚ್ಚಾಗಿ ಈ ವಿಷಯದಲ್ಲಿ ಬರೆಯುವ ಅವಶ್ಯವಿಲ್ಲ.

ನಮಗೆ ಚಿಕ್ಕಂದಿನ ಒಬ್ಬ ಸ್ನೇಹಿತನುಂಟು. ಒಂದೇ ವಸತಿಗೃಹದಲ್ಲಿ ಒಂದೇ ತಟ್ಟೆಯ ರೊಟ್ಟಿಯನ್ನು ಮುರಿದು ತಿಂದವರು ನಾವು. ಆತನಿಗೆ ಪಟ್ಟಣದಲ್ಲಿ ಒಳ್ಳೇ ಉದ್ಯೋಗವಾಯಿತು. ಆತನ ಪತ್ನಿಗೂ ಸಂಬಳವಿದೆ. ನಾವು ಹಳ್ಳಿಯಲ್ಲಿಯೇ ಉಳಿದೆವು. ಸ್ನೇಹವು ಮಾತ್ರ ಹಾಗೆಯೇ ಉಳಿಯಿತು. ಕೆಲವು ವರುಷಗಳ ಕೆಳಗೆ ಬೇಸಿಗೆಯ ರಜೆಯಲ್ಲಿ ಆತನು ತನ್ನ ಕಾರಿನಲ್ಲಿ ನಮ್ಮನ್ನೂ ನಮ್ಮ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕೂಡ್ರಿಸಿಕೊಂಡು ಮೂರು ದಿವಸ ಗೋವೆಯ ಸಮುದ್ರತೀರಕ್ಕೆ ಕರಕೊಂಡು ಹೋದನು. ಇಳಿದುಕೊಂಡ ಕೋಣೆ, ಊಟ, ದೋಣಿಯ ವಿಹಾರ, ಮಕ್ಕಳ ಆಟಿಗೆ, ಎಲ್ಲವೂ ಆತನದೇ. ನಾವು ಜೇಬಿಗೆ ಕೈ ಹಾಕಿದಾಗಲೆಲ್ಲಾ ಆತನು ನಮ್ಮ ಕೈಯನ್ನು ಹಿಡಿದನು. ನಾವು ಮನೆಗೆ ಬಂದು, ಮೂರು ದಿವಸಗಳಲ್ಲಿ ನಮ್ಮಿಂದ 200 ರೂಪಾಯಿಯೂ ಖರ್ಚಾಗಲಿಲ್ಲವೆಂದು ಸಂತೋಷದಿಂದ ಲೆಕ್ಕ ಬರೆದೆವು. ಮಿತವ್ಯಯದ ಸಂಸಾರಕ್ಕೆ ಇದಕ್ಕಿಂತ ಒಳ್ಳೇ ಪ್ರವಾಸವುಂಟೇ ಎಂದು ಅಂದುಕೊಂಡೆವು.

ಆರು ತಿಂಗಳ ನಂತರ ನಮ್ಮ ಮಗಳ ಹುಟ್ಟುಹಬ್ಬವು ಬಂತು. ಅದುವರೆಗೆ ನಮ್ಮ ಮನೆಯಲ್ಲಿ ಹುಟ್ಟುಹಬ್ಬವೆಂದರೆ ಒಂದು ಪಾತ್ರೆ ಶಾವಿಗೆ ಪಾಯಸ ಮತ್ತು ನೆರೆಯ ನಾಲ್ಕು ಮಕ್ಕಳು. ಆ ವರುಷ ಮಗಳು, "ಅಪ್ಪಾ, ಗೋವಾಕ್ಕೆ ಕರಕೊಂಡು ಹೋದ ಮಾಮಾನ ಮನೆಯವರು ಬರ್ತಾರಲ್ಲಾ? ಯಾವ ಹಾಲಿನಲ್ಲಿ ಮಾಡೋಣ?" ಎಂದು ಕೇಳಿದಳು. ನಾವು ಆಗುವದಿಲ್ಲವೆಂದು ಹೇಳಬೇಕಾಗಿತ್ತು. ಆದರೆ ಮೂರು ದಿವಸ ಅವರ ಅನ್ನವನ್ನುಂಡವರು ಅವರಿಗೆ ಶಾವಿಗೆ ಪಾಯಸವನ್ನು ಬಡಿಸಿ ಕಳುಹಿಸುವದು ಹೇಗೆಂದು ನಾಚಿದೆವು. ಒಂದು ಚಿಕ್ಕ ಸಭಾಗೃಹವನ್ನು ಹಿಡಿದೆವು. ಕೇಕು, ಬಿರಿಯಾನಿ, ಬಣ್ಣದ ಕಾಗದ, ಬಂದ ಮಕ್ಕಳಿಗೆ ಒಂದೊಂದು ಉಡುಗೊರೆ. ಒಟ್ಟಿಗೆ 11,400 ರೂಪಾಯಿ ಆಯಿತು. ಅದರಲ್ಲಿ 8,000 ರೂಪಾಯಿಯನ್ನು ಸಾಲ ತಂದೆವು. ರಾತ್ರಿ ಪಾತ್ರೆಗಳನ್ನು ಬೆಳಗುತ್ತಾ ನಮ್ಮ ಪತ್ನಿಯು ಹೇಳಿದ ಮಾತನ್ನು ಅವಳು ಹೇಳಿದಂತೆಯೇ ಬರೆಯುತ್ತೇವೆ: "ಅವತ್ತು ನಾವು ರೊಕ್ಕ ಉಳಿಸ್ಲಿಲ್ರಿ. ಕಡಾ ತಂದ್ವಿ. ಇವತ್ತು ಮುಟ್ಟಿಸಿದ್ವಿ."

ಈ ಮಾತು ನಮ್ಮ ಮನಸ್ಸಿನಲ್ಲಿ ಬಹಳ ದಿವಸ ನಿಂತಿತು. ಯಾಕಂದರೆ ನಮ್ಮ ದೇಶದಲ್ಲಿ ಇದಕ್ಕೆ ಹಳೇದಾದ ಒಂದು ಹೆಸರುಂಟು. ಅದು ಮುಯ್ಯಿ. ಮದುವೆಯಲ್ಲಿ, ಕುಬಸದಲ್ಲಿ, ತೊಟ್ಟಿಲಿಡುವಲ್ಲಿ ಒಬ್ಬರು ತಂದುಕೊಟ್ಟದ್ದನ್ನು ಮನೆಯವರು ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಶುಭಕಾರ್ಯವಾದಾಗ ಅಷ್ಟನ್ನೇ ಅಥವಾ ಅದರ ಮೇಲೆ ಸ್ವಲ್ಪ ಕೂಡಿಸಿ ಹಿಂದಕ್ಕೆ ಮುಟ್ಟಿಸುವದು. ನಮ್ಮ ಗದಗ ಸೀಮೆಯಲ್ಲಿ ಆಯೇರ ಎಂತಲೂ ಕರೆಯುವ ಈ ಕೊಡುಗೆಗಳನ್ನು ಬರೆಯುವದಕ್ಕೆ ಮದುವೆಯ ಚಪ್ಪರದಲ್ಲಿ ಒಬ್ಬನು ಪುಸ್ತಕವನ್ನು ಹಿಡಿದು ಕೂತಿರುವದನ್ನು ವಾಚಕರು ನೋಡಿರುವರು. ಆಮಂತ್ರಣ ಪತ್ರಿಕೆಯಲ್ಲಿ ಆಶೀರ್ವಾದವೇ ಉಡುಗೊರೆಯೆಂದು ಅಚ್ಚು ಹಾಕಿಸಿದ ಮದುವೆಗಳಲ್ಲಿಯೂ ಆ ಪುಸ್ತಕವು ಎಲ್ಲಿಯೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ಪಂಡಿತನು 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅನೇಕ ಜನಾಂಗಗಳ ಕೊಡುಗೆಯ ಪದ್ಧತಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಮೂರು ಕಟ್ಟುಪಾಡುಗಳನ್ನು ಕಂಡನು: ಕೊಡುವದು, ಕೊಟ್ಟದ್ದನ್ನು ಸ್ವೀಕರಿಸುವದು, ಸ್ವೀಕರಿಸಿದ್ದಕ್ಕೆ ಪ್ರತಿಯಾಗಿ ಕೊಡುವದು. ನಮ್ಮ ಹಳ್ಳಿಯ ಮುದುಕಿಯರಿಗೆ ಈ ಮೂರನ್ನು ಯಾವ ಪಂಡಿತನೂ ಕಲಿಸಬೇಕಾಗಿರಲಿಲ್ಲ.

ಹೀಗಿರುವದರಿಂದ ಮಿತವ್ಯಯದ ಸಂಸಾರವು ಎಡವುವ ಸ್ಥಳವು ಅಂಗಡಿಯಲ್ಲ. ಅಂಗಡಿಯಲ್ಲಿ ನಾವೆಲ್ಲರೂ ಎಚ್ಚರದಿಂದಲೇ ಇರುತ್ತೇವೆ. ಎಡವುವದು ಸ್ವೀಕರಿಸುವ ಬಾಗಲಲ್ಲಿ. ಸ್ನೇಹಿತನು ಹೋಟೆಲಿಗೆ ಕರೆಯುತ್ತಾನೆ, ತಾನೇ ಹಣ ಕೊಡುತ್ತಾನೆ. ಪುಕ್ಕಟೆ ಊಟವಾಯಿತೆಂದು ನಾವು ಹಿಗ್ಗುತ್ತೇವೆ. ಆದರೆ ಆ ಊಟದ ಬೆಲೆಯು ಯಾವದೆಂಬದನ್ನು ಅಂದು ಆತನೇ ಗೊತ್ತುಮಾಡಿದನು, ನಾವಲ್ಲ. ಮತ್ತು ನಮ್ಮ ಸರದಿಯು ಬಂದಾಗ ಆ ಬೆಲೆಗೆ ಕಡಿಮೆ ಮಾಡುವದು ನಮಗೆ ಅವಮಾನವಾಗಿ ತೋರುತ್ತದೆ. ಸ್ನೇಹಿತನಾದರೋ ಕೇಳಲೂ ಇಲ್ಲ, ನೆನಸಲೂ ಇಲ್ಲ. ನಮ್ಮ ಮಗಳ ಹಬ್ಬದಲ್ಲಿ ಆತನು ಬಿರಿಯಾನಿಗಾಗಿ ಕಾದಿರಲಿಲ್ಲ. ಸಾಲಗಾರನೂ ನಾವೇ, ಸಾಲ ಕೊಟ್ಟವನ ಸ್ಥಾನದಲ್ಲಿ ಕೂತು ನಮ್ಮನ್ನು ಪೀಡಿಸಿದವರೂ ನಾವೇ.

ಆ ಕಾಲದಲ್ಲಿ ನಮ್ಮ ತಾಯಿಯವರ ಮುಯ್ಯಿಯ ಪುಸ್ತಕವನ್ನು ನಾವು ಪೆಟ್ಟಿಗೆಯಿಂದ ತೆಗೆದು ನೋಡಿದೆವು. ಶಾಲೆಯ ಗೆರೆಯ ನೋಟುಬುಕ್ಕು ಅದು. ಅಂಚುಗಳನ್ನು ಗೆದ್ದಲು ತಿಂದಿದೆ. "ಖಣ 1", "ರೂ. 11", "ಸ್ಟೀಲ್ ಡಬ್ಬಿ", "ಜೋಳ 2 ಸೇರು" ಎಂಬ ಹಾಗೆ ಬರೆದಿರುವಲ್ಲಿ ಕೆಲವು ಹೆಸರುಗಳ ಮುಂದೆ ಮಾತ್ರ "ಆಳು 2", "ಆಳು 3" ಎಂದಿತ್ತು. ಮೊದಲು ಅದೇನೆಂದು ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ನಮ್ಮ ರೈತರಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟಷ್ಟೆ. ನಿಮ್ಮ ಹೊಲದ ಕಳೆಗೆ ನಾವು ಎರಡು ದಿವಸ ಬಂದರೆ ನಮ್ಮ ಹೊಲದ ಕೊಯ್ಲಿಗೆ ನೀವು ಎರಡು ದಿವಸ ಬರತಕ್ಕದ್ದು, ಕೂಲಿಯ ಮಾತೇ ಇಲ್ಲ. ನಮ್ಮ ತಾಯಿಯವರು ತಮಗಿಂತ ಅನುಕೂಲಸ್ಥರಾದ ಬಂಧುಗಳ ಮುಯ್ಯಿಯನ್ನು ಹೀಗೆಯೇ ತೀರಿಸಿದ್ದರು. ಅವರು ಇವರ ಮನೆಯ ಮದುವೆಗೆ ಸೀರೆ ತಂದರೆ, ಇವರು ಅವರ ಮನೆಯ ಮದುವೆಗೆ ಮೂರು ದಿವಸ ಮುಂಚಿತವಾಗಿ ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಅದನ್ನು ಪುಸ್ತಕದಲ್ಲಿ ಸೀರೆಯ ಎದುರಿಗೇ ಬರೆಯುವದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ. ಸೀರೆಗೆ ಸೀರೆಯನ್ನೇ ಕೊಡಬೇಕೆಂಬ ನಿಯಮವನ್ನು ಅವರು ಒಪ್ಪಲೇ ಇಲ್ಲ. ಇದನ್ನು ಅವರು ನಮಗೆ ಬಾಯಿಂದ ಎಂದೂ ಹೇಳಿದ್ದಿಲ್ಲ, ಮತ್ತು ನಾವೂ ಕೇಳಿದ್ದಿಲ್ಲ.

ಆಗ ನಾವೂ ನಮ್ಮ ಪತ್ನಿಯೂ ಮಕ್ಕಳನ್ನು ಕೂಡ್ರಿಸಿಕೊಂಡು ಎರಡು ಮಾತುಗಳನ್ನು ಗೊತ್ತುಮಾಡಿದೆವು. ನಮ್ಮ ಕೈಯಿಂದ ಎಂದೂ ಹಿಂದಕ್ಕೆ ಕೊಡಲಾಗದ ಬೆಲೆಯ ಉಪಚಾರವನ್ನು ಸ್ವೀಕರಿಸಕೂಡದು. ಸ್ವೀಕರಿಸಿದ್ದನ್ನು ಹಣದಿಂದಲ್ಲ, ನಮ್ಮಲ್ಲಿರುವದರಿಂದ ತೀರಿಸಬೇಕು. ಹೇಳುವದಕ್ಕೆ ಇದು ಸುಲಭ. ಸ್ನೇಹಿತನ ಮುಂದೆ ಹೇಳುವದು ಹೇಗೆ?

ಅನೇಕರು ಈ ಸ್ಥಳದಲ್ಲಿ ಸುಳ್ಳನ್ನು ಹೇಳುತ್ತಾರೆ. ಮಗುವಿಗೆ ಜ್ವರ, ಊರಿಂದ ನೆಂಟರು ಬಂದಿದ್ದಾರೆ, ಆ ದಿವಸ ಕೆಲಸವುಂಟು. ನಾವೂ ಎರಡು ಸಾರಿ ಹೇಳಿದೆವು. ಸುಳ್ಳಿನ ತೊಂದರೆಯೇನಂದರೆ, ಪ್ರತಿಸಾರಿಯೂ ಹೊಸದೊಂದನ್ನು ಹುಡುಕಬೇಕು. ಅಲ್ಲದೆ ಸ್ನೇಹಿತನು ದಡ್ಡನಲ್ಲ, ಮೂರನೆಯ ಸಾರಿ ಆತನಿಗೆ ತಿಳಿಯುತ್ತದೆ. ಆಗ ಆತನು ನಮಗೆ ಹಣದ ಕೊರತೆಯೆಂದು ತಿಳಿಯದೆ, ತನ್ನ ಸಂಗವು ನಮಗೆ ಬೇಡವಾಯಿತೆಂದು ತಿಳಿಯುತ್ತಾನೆ. ಬಡತನವನ್ನು ಮುಚ್ಚಲು ಹೋಗಿ ತಿರಸ್ಕಾರವನ್ನು ತೋರಿಸಿದ ಹಾಗಾಗುತ್ತದೆ.

ಆದದರಿಂದ ನಾವು ಒಂದು ಆದಿತ್ಯವಾರ ಸಾಯಂಕಾಲ ಆತನ ಮನೆಗೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. "ನಿನ್ನ ಪ್ರೀತಿಯನ್ನು ನಾವು ಬಲ್ಲೆವು. ಆದರೆ ನಿನ್ನ ಅಳತೆಯಲ್ಲಿ ನಮಗೆ ತಿರುಗಿ ಅಳೆಯಲಾಗದು. ಇನ್ನು ಮೇಲೆ ಹೋಟೆಲು ಬೇಡ, ಪ್ರವಾಸ ಬೇಡ. ನೀವು ನಮ್ಮಲ್ಲಿಗೆ ಬನ್ನಿರಿ, ನಾವು ನಿಮ್ಮಲ್ಲಿಗೆ ಬರುವೆವು, ಮನೆಯ ಊಟವಾಗಲಿ" ಎಂದೆವು. ಆತನು ಸುಮ್ಮನಾದನು. ಆತನ ಪತ್ನಿಯ ಮುಖವು ಕೆಂಪಾಯಿತು. "ಲೆಕ್ಕ ಇಟ್ಟು ನಿಮಗೆ ಊಟಕ್ಕೆ ಹಾಕಿದೆವೇನು, ಅಣ್ಣಾ?" ಎಂದು ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ನಮಗೆ ಉತ್ತರವು ಹೊಳೆಯಲಿಲ್ಲ. ಆಮೇಲೆ ನಾಲ್ಕು ತಿಂಗಳು ಅವರ ಕಡೆಯಿಂದ ಫೋನು ಬರಲಿಲ್ಲ. ಸತ್ಯವನ್ನು ಹೇಳಿದ ಕೂಡಲೆ ಎಲ್ಲವೂ ನೆಟ್ಟಗಾಗುವದೆಂದು ನಾವು ವಾಚಕರಿಗೆ ಬರೆದರೆ ಅದೂ ಒಂದು ಸುಳ್ಳಾಗುವದು. ಮಕ್ಕಳು ಆ ಮನೆಯ ಮಕ್ಕಳನ್ನು ಕೇಳುತ್ತಿದ್ದರು. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ರಾತ್ರಿಯಲ್ಲಿ ನಮಗೇ ಸಂಶಯವಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಹಿಡಿದು ಖರ್ಚು ಮಾಡುವವರಿಗೆ ಬರುವ ಒಂದು ಕೆಟ್ಟ ರೋಗವುಂಟು. ಅದು ಇತರರ ಖರ್ಚನ್ನು ಎಣಿಸುವದು. ಇವನಿಗೆ ಇಷ್ಟು ಹಣವೆಲ್ಲಿಂದ ಬಂತು, ಆ ಕಾರು ಕಂತಿನದೇ ಇರಬೇಕು, ಒಂದು ದಿವಸ ತಿಳಿಯುತ್ತದೆ ನೋಡು, ಎಂದು ಮನೆಯೊಳಗೆ ಪಿಸುಗುಟ್ಟುವದು. ಸ್ನೇಹಿತನ ಆದಾಯವು ನಮಗೆ ತಿಳಿಯದು, ಕೇಳುವ ಹಕ್ಕೂ ನಮಗಿಲ್ಲ. ಆತನು ತನ್ನ ಅಳತೆಗೆ ತಕ್ಕ ಹಾಗೆಯೇ ಖರ್ಚು ಮಾಡುತ್ತಿರಬಹುದು. ಆತನು ಮುಳುಗಿದರೆ ನಾವು ಜಾಣರೆಂದು ತೋರೀತೆಂದು ಒಳಗೊಳಗೆ ಕಾಯುವವನು ಸ್ನೇಹಿತನಲ್ಲ.

ಆದರೆ ಒಬ್ಬರ ಖರ್ಚು ಇನ್ನೊಬ್ಬರ ಕಾರ್ಯವಾಗುವ ಒಂದು ಸಂದರ್ಭವುಂಟು; ಅದು ಜಾಮೀನಿನ ಸಂದರ್ಭ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರೆಂಬದು ಪ್ರಸಿದ್ಧವಾಗಿದೆ. ಅದರ ಹಿಂದಿನ ವರುಷ, ಅಂದರೆ 1904ರಲ್ಲಿ, ಆದ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಯು ಸಾಮಾನ್ಯವಾಗಿ ಮಿತಿಯಿಲ್ಲದ್ದು. ಅಂದರೆ ಸಂಘವು ಮುಳುಗಿದರೆ ಒಬ್ಬನ ಸಾಲಕ್ಕೆ ಉಳಿದವರೆಲ್ಲರೂ ಬಾಧ್ಯರು. ಅಂಥಾ ಸಂಘದಲ್ಲಿ ನೆರೆಯವನು ಸಾಲವನ್ನು ಎತ್ತಿಗಾಗಿ ತಂದನೋ ಊಟ ಹಾಕಿಸುವದಕ್ಕಾಗಿ ತಂದನೋ ಎಂದು ಕೇಳುವದು ಚಾಡಿಯಲ್ಲ, ಕರ್ತವ್ಯವೇ. ಇಂದು ನಮ್ಮ ಹೆಣ್ಣುಮಕ್ಕಳು ಗುಂಪಾಗಿ ಸಾಲ ತರುವಲ್ಲಿಯೂ ಅದೇ ರೀತಿಯ ಹೊಣೆಯುಂಟು. ನಮ್ಮ ಪತ್ನಿಯ ಗುಂಪಿನಲ್ಲಿ ಒಬ್ಬಾಕೆಯು ಆಡು ಕೊಳ್ಳುವದಕ್ಕೆಂದು ಹಣ ತಂದು ಮಗಳ ಕುಬಸದ ಊಟಕ್ಕೆ ಹಾಕಿದಳು. ನೆರೆಯವರೆಲ್ಲರೂ ಹಾಗೆಯೇ ಮಾಡಿದ್ದರಲ್ಲಾ, ತಾನು ಕಡಿಮೆ ಮಾಡುವದು ಹೇಗೆ? ನಾಲ್ಕು ವಾರ ಅವಳ ಕಂತು ನಿಂತಿತು, ಮತ್ತು ಉಳಿದ ಹೆಂಗಸರು ವಾರಕ್ಕೆ ತಲಾ 70 ರೂಪಾಯಿ ಕೂಡಿಸಿ ಕಟ್ಟಿದರು. ಆ ಊಟವನ್ನು ಅವರೆಲ್ಲರೂ ಉಂಡಿದ್ದರು. ಬಡಿಸಿದವಳನ್ನು ಹೊಗಳಿಯೂ ಇದ್ದರು. ಇಂಥಾ ಸಣ್ಣ ಸಾಲಗಳ ವಸೂಲಿಯಲ್ಲಿ ಹಳ್ಳಿಯವರಿಗೆ ಆಗುತ್ತಿದ್ದ ಕಿರುಕುಳವನ್ನು ತಡೆಯುವದಕ್ಕೆ ಕರ್ನಾಟಕ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾಯಿದೆಯು ಬಾಗಲಿಗೆ ಬಂದು ಕೂಗಾಡುವವನನ್ನು ತಡೆದೀತು. ಊಟಕ್ಕಾಗಿ ಸಾಲ ತರುವ ಕೈಯನ್ನು ಅದು ತಡೆಯದು. ಗುಂಪಿನಲ್ಲಿ ಸಹಿ ಹಾಕುವ ಮುಂಚೆಯೇ, ಈ ಹಣವು ಯಾತಕ್ಕೆಂದು ಬಾಯಿಬಿಟ್ಟು ಕೇಳಿರೆಂದು ನಮ್ಮ ಸಭೆಗಳ ಹೆಣ್ಣುಮಕ್ಕಳನ್ನು ನಾವು ಬೇಡಿಕೊಳ್ಳುತ್ತೇವೆ.

ಮಕ್ಕಳ ವಿಷಯವು ಎಲ್ಲಕ್ಕಿಂತ ಕಠಿಣವಾದದ್ದು. ದೊಡ್ಡವರು ನಾಚಿಕೆಯನ್ನು ನುಂಗಬಲ್ಲರು. ಶಾಲೆಯಲ್ಲಿ ನೆರೆಯ ಹುಡುಗನ ಬೂಟನ್ನು ನೋಡಿದ ಮಗುವು ಹೇಗೆ ನುಂಗೀತು? ನಾವು ಮೊದಲು, ನಮ್ಮಲ್ಲಿ ರೊಕ್ಕವಿಲ್ಲ ಎಂದು ಹೇಳಿ ಬಿಡುತ್ತಿದ್ದೆವು. ಒಂದು ದಿವಸ ಮಗನು ಕಪಾಟಿನಲ್ಲಿ 3,000 ರೂಪಾಯಿಯನ್ನು ಕಂಡು ನಮ್ಮನ್ನು ಸುಳ್ಳುಗಾರರೆಂದನು. ಅಂದಿನಿಂದ ಮನೆಯ ಲೆಕ್ಕವನ್ನು ಬರೆಯುವ ಕೆಲಸವನ್ನು ಮಗಳಿಗೆ ಕೊಟ್ಟೆವು. ಅಕ್ಕಿ, ಜೋಳ, ಅಡುಗೆಯ ಅನಿಲ, ವಿದ್ಯುತ್ತು, ಫೋನಿನ ರೀಚಾರ್ಜು, ಕೊಟ್ಟ ಕಾಣಿಕೆ, ಎಲ್ಲವನ್ನೂ ಅವಳೇ ಬರೆಯುತ್ತಾಳೆ. ಅಂಚೆಯ ಕಚೇರಿಯಲ್ಲಿ ಅವಳ ಮುಂದಿನ ವಿದ್ಯಾಭ್ಯಾಸಕ್ಕೆಂದು ತಿಂಗಳಿಗೆ 1,000 ರೂಪಾಯಿಯಂತೆ ಐದು ವರುಷದ ಆವರ್ತ ಠೇವಣಿಯನ್ನು 2024ರಲ್ಲಿ ತೆರೆದೆವು. ಆಗಿನ ಬಡ್ಡಿಯು ವರುಷಕ್ಕೆ ನೂರಕ್ಕೆ 6.7. ಕಟ್ಟುವ ಹಣವು 60,000, ಕೊನೆಯಲ್ಲಿ ಬರತಕ್ಕದ್ದು 71,000ಕ್ಕೆ ಮೀರಿ. ಈ ಲೆಕ್ಕವನ್ನು ಅವಳೇ ಮಾಡಿ ಗೋಡೆಗೆ ಅಂಟಿಸಿದ್ದಾಳೆ. ಬೂಟಿನ ಮಾತು ನಿಂತಿತೆಂದಲ್ಲ. ಈಗ, "ಇದ್ದ ರೊಕ್ಕದಲ್ಲಿ ಯಾವದನ್ನು ಬಿಟ್ಟರೆ ಬೂಟು ಬರುತ್ತದೆ?" ಎಂದು ಕೇಳುತ್ತಾರೆ, ಒಮ್ಮೊಮ್ಮೆ ಅವರ ಉತ್ತರವೇ ಸರಿಯಾಗಿರುವದರಿಂದ ಬೂಟನ್ನು ಕೊಂಡದ್ದೂ ಉಂಟು.

ಸ್ನೇಹಿತರು ಕೂಡಿ ಹೋಟೆಲಿಗೆ ಹೋಗುವದು ತಪ್ಪದೇ ಬಂದರೆ ಏನು ಮಾಡಬೇಕು? ಊಟವಾದ ಮೇಲೆ ಬಿಲ್ಲನ್ನು ಎಲ್ಲರಿಗೂ ಸಮನಾಗಿ ಹಂಚುವದು ಈಗಿನ ವಾಡಿಕೆ. ಫೋನಿನಿಂದ ಹಣ ಕಳುಹಿಸುವದು ಬಂದ ಮೇಲೆ ಇದು ಮತ್ತಷ್ಟು ಸುಲಭವಾಯಿತು. ಹೀಗೆ 340 ರೂಪಾಯಿಯ ಊಟ ಮಾಡಿದ ನಾವು 900 ರೂಪಾಯಿ ತೆತ್ತದ್ದುಂಟು. ಬಿಲ್ಲು ಬಂದ ಮೇಲೆ ತಕರಾರು ಮಾಡುವದು ಕುಂದು. ಕೂತ ಕೂಡಲೆ, ಇನ್ನೂ ಯಾರೂ ಏನೂ ತರಹೇಳುವ ಮುಂಚೆ, "ನಮ್ಮದಕ್ಕೆ ಬೇರೆ ಬಿಲ್ಲು ಕೊಡಪ್ಪಾ" ಎಂದು ನಗುತ್ತಾ ಹೇಳಿದರೆ ಯಾರಿಗೂ ನೋವಾಗದು. ನಮಗೆ ಆಶ್ಚರ್ಯವಾದದ್ದೇನಂದರೆ, ಎರಡನೆಯ ಸಾರಿ ನಾವು ಹಾಗೆ ಹೇಳಿದಾಗ ಮೇಜಿನ ಆಚೆಯಿಂದ ಇನ್ನೊಂದು ಸಂಸಾರವೂ ಹಾಗೆಯೇ ಹೇಳಿತು. ಅವರು ಎಷ್ಟು ದಿವಸದಿಂದ ಯಾರಾದರೂ ಮೊದಲು ಬಾಯಿ ತೆರೆಯಲೆಂದು ಕಾದಿದ್ದರೋ!

ಅನುಕೂಲಸ್ಥರಾದ ವಾಚಕರಿಗೂ ಒಂದು ಮಾತು. ಕುವೆಂಪುರವರು 1966ರಲ್ಲಿ ತಮ್ಮ ಮಗನಾದ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಅತಿ ಸರಳವಾಗಿ ನಡಿಸಿದರು. ಅವರಂಥಾ ಹೆಸರುಳ್ಳವರು ಹಾಗೆ ಮಾಡಿದರೆ ಅದು ಆದರ್ಶವೆನಿಸುತ್ತದೆ. ಅದನ್ನೇ ಬಡವನು ಮಾಡಿದರೆ, ಪಾಪ, ಕೈಲಾಗಲಿಲ್ಲ ಎನ್ನುತ್ತಾರೆ. ಆದದರಿಂದ ಊರಿನ ಅಳತೆಯನ್ನು ಕೆಳಕ್ಕೆ ಇಳಿಸುವ ಶಕ್ತಿಯು ನಮ್ಮಂಥವರಿಗಿಂತ ನಿಮಗೇ ಹೆಚ್ಚಾಗಿ ಉಂಟು.

ನಮ್ಮ ಸ್ನೇಹಿತನ ಮಾತಿಗೆ ತಿರುಗೋಣ. ಐದನೆಯ ತಿಂಗಳಲ್ಲಿ ಆತನ ತಂದೆಯವರು ಬಿದ್ದು ತೊಡೆಯ ಎಲುಬು ಮುರಿಯಿತು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. ಆಸ್ಪತ್ರೆಯಲ್ಲಿ ರಾತ್ರಿ ಕೂಡ್ರುವದಕ್ಕೆ ಜನರಿರಲಿಲ್ಲ. ಸುದ್ದಿಯು ಬೇರೆಯವರಿಂದ ನಮಗೆ ತಿಳಿಯಿತು. ನಾವು ಕರೆಯದೆಯೇ ಹೋಗಿ ಒಂಬತ್ತು ರಾತ್ರಿ ಆ ಮುದುಕರ ಹತ್ತಿರ ಮಲಗಿದೆವು. ನಮ್ಮ ಪತ್ನಿಯು ಬುತ್ತಿಯನ್ನು ಕಟ್ಟಿ ಕಳುಹಿಸಿದಳು. ಮೊದಲನೆಯ ರಾತ್ರಿ ಆತನು ನಮ್ಮ ಸಂಗಡ ಹೆಚ್ಚು ಮಾತಾಡಲಿಲ್ಲ. ನಾಲ್ಕನೆಯ ರಾತ್ರಿ ಬುತ್ತಿಯನ್ನು ತಾನೇ ಬಿಚ್ಚಿ, ವಸತಿಗೃಹದಲ್ಲಿ ಮಾಡುತ್ತಿದ್ದ ಹಾಗೆ ರೊಟ್ಟಿಯನ್ನು ಮುರಿದು ಅರ್ಧವನ್ನು ನಮಗೆ ಕೊಟ್ಟನು. ಹೋಟೆಲಿನ ಮಾತನ್ನಾಗಲಿ ಆ ಆದಿತ್ಯವಾರದ ಮಾತನ್ನಾಗಲಿ ಇಬ್ಬರೂ ಎತ್ತಲಿಲ್ಲ. ಎಲ್ಲಾ ಸ್ನೇಹಗಳೂ ಹೀಗೆ ತಿರುಗಿ ಬರಲಿಲ್ಲವೆಂಬದನ್ನೂ ಹೇಳಬೇಕು. ಹೋಟೆಲಿನ ಕೂಟದ ಮತ್ತೊಂದು ಮನೆಯವರು ನಮ್ಮನ್ನು ಕರೆಯುವದನ್ನೇ ಬಿಟ್ಟರು. ದಾರಿಯಲ್ಲಿ ಕಂಡರೆ ನಗುತ್ತಾರೆ, ಅಷ್ಟೇ.

ಬರುವ ಮೇ ತಿಂಗಳಲ್ಲಿ ಆ ಸ್ನೇಹಿತನ ತಂಗಿಯ ಮಗಳ ಮದುವೆಯು ಪಟ್ಟಣದ ದೊಡ್ಡ ಕಲ್ಯಾಣಮಂಟಪದಲ್ಲಿ ನಡೆಯತಕ್ಕದ್ದು. ಅಡುಗೆಯವರೂ ಬಡಿಸುವವರೂ ಗುತ್ತಿಗೆಯವರೇ ಆಗಿರುವದರಿಂದ ರೊಟ್ಟಿ ಬಡಿಯಲು ಹೋಗುವೆವೆಂದರೆ ನಗುವರು. ಏನು ಕೊಡಬೇಕೆಂದು ಮನೆಯಲ್ಲಿ ವಿಚಾರವಾಯಿತು. ಮಗಳು ಪುಸ್ತಕವನ್ನು ನೋಡಿ 501 ರೂಪಾಯಿ ಎಂದಳು. ಮೊದಲನೆಯ ದಿವಸವೇ ಹೋಗಿ, ನಡೆಯಲಾರದ ಅಜ್ಜನವರನ್ನು ಎರಡು ದಿವಸವೂ ನೋಡಿಕೊಳ್ಳುವ ಕೆಲಸವನ್ನು ನಾವು ತಕ್ಕೊಳ್ಳುವೆವೆಂದು ನಮ್ಮ ಪತ್ನಿಯು ಫೋನಿನಲ್ಲಿ ತಿಳಿಸಿದಾಗ, ಆ ಕಡೆಯಿಂದ ಸ್ನೇಹಿತನ ಪತ್ನಿಯು, "ಅಕ್ಕಾ, ಅದನ್ನೇ ಕೇಳಬೇಕಂತ ಇದ್ದೆ, ಹೇಗೆ ಕೇಳೋದು ಅಂತ ಸುಮ್ಮನಿದ್ದೆ" ಎಂದಳಂತೆ.